ಕಿಡ್ನಿ ತೊಂದರೆ ಇದ್ದವರು ವಾಕಿಂಗ್ ಬಿಡಬೇಕಾ?

ಪ್ರಶ್ನೆ: ನನಗೆ 69 ವರ್ಷ. ಬಸ್ ವರ್ಕ್‌ಶಾಪಿನಲ್ಲಿ ದುಡಿದು ನಿವೃತ್ತನಾಗಿದ್ದೇನೆ. ಮನೆ ಹುಬ್ಬಳ್ಳಿಯ ಉಣಕಲ್ ಹತ್ತಿರ. 16 ವರ್ಷದಿಂದ ಶುಗರ್ ಮತ್ತು ಬಿಪಿ ಇದೆ. ಬಿಪಿಗೆ ಟೆಲ್ಮಿಸಾರ್ಟಾನ್, ಆಮ್ಲೋಡಿಪಿನ್, ಮೆಟೊಪ್ರೊಲಾಲ್, ಶುಗರ್‌ಗೆ ಗ್ಲಿಮೆಪಿರೈಡ್ ತಗೊಳ್ತೇನೆ. ದಿನಾ ಬೆಳಿಗ್ಗೆ ಕೆರೆ ದಂಡೆಯಲ್ಲಿ ಮುಕ್ಕಾಲು ತಾಸು ಅಡ್ಡಾಡುತ್ತಿದ್ದೆ. ಕಿಡ್ನಿಯ ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ 1.9 ಇದ್ದದ್ದು 2.1 ಆಯ್ತು. ಸಂಬಂಧಿಕರೊಬ್ಬರು, "ಕಿಡ್ನಿ ವೀಕ್ ಆದವರು ಮೈ ದಣಿಸಬಾರದು, ದಣಿದಷ್ಟೂ ಕಿಡ್ನಿ ಸವೆಯುತ್ತೆ" ಅಂದರು. ಮನೆಯವಳು ಹೆದರಿ ವಾಕಿಂಗ್ ಬಿಡಿಸಿದಳು. ಐದು ತಿಂಗಳಾಯ್ತು. ಮೊನ್ನೆ ನೋಡಿಸಿದರೆ ಕ್ರಿಯಾಟಿನಿನ್ 2.0. "ನೋಡಿ, ರೆಸ್ಟ್ ಮಾಡಿದ್ದಕ್ಕೆ ಇಳೀತು" ಅಂತ ಮನೆಯಲ್ಲಿ ಎಲ್ಲರಿಗೂ ಖುಷಿ. ಆದರೆ ಈಗ ನೆಲದ ಮೇಲೆ ಕೂತರೆ ಕೈ ಊರದೆ ಏಳಲಾಗುತ್ತಿಲ್ಲ. ಮಹಡಿ ಹತ್ತಿದರೆ ಏದುಸಿರು. ಸಂಜೆ ಪಾದ ಬಾತಿರುತ್ತವೆ. ತೂಕ 3 ಕಿಲೋ ಇಳಿದಿದೆ. ಹಿಮೋಗ್ಲೋಬಿನ್ 10.2. ಜಿಮ್‌ಗೆ ಹೋಗುವ ಮೊಮ್ಮಗ ಪ್ರೋಟೀನ್ ಪೌಡರ್ ಕುಡಿ ಅಂತಾನೆ. ನಾನು ಅಡ್ಡಾಡಬೇಕೋ, ಕೂತಿರಬೇಕೋ? ಸೂರ್ಯನಮಸ್ಕಾರ ಮಾಡಬಹುದೇ?

ಉತ್ತರ: ಅಡ್ಡಾಡಬೇಕು. ಆದರೆ ನಾಳೆ ಬೆಳಿಗ್ಗೆಯೇ ಎದ್ದು ಮೊದಲಿನ ಹಾಗೆ ಮುಕ್ಕಾಲು ತಾಸು ಹೊರಡಬೇಡಿ. ನಡಿಗೆಗಿಂತ ಮುಂಚೆ, ಎರಡು ವಾರದಲ್ಲಿ ಮಾಡಿ ಮುಗಿಸಬೇಕಾದ ಕೆಲಸ ಸ್ವಲ್ಪ ಇದೆ.

ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಕಾಳಜಿ ಹುಟ್ಟಿಸಿದ್ದು 2.1 ಅಲ್ಲ, 2.0. ಮನೆಯವರಿಗೆ ಖುಷಿ ಕೊಟ್ಟ ಆ ಇಳಿಕೆಯನ್ನೇ ಮೊದಲು ಬಿಡಿಸಿ ನೋಡೋಣ.

ಕ್ರಿಯಾಟಿನಿನ್ ಹುಟ್ಟುವುದು ಕಿಡ್ನಿಯಲ್ಲಲ್ಲ, ಮಾಂಸಖಂಡದಲ್ಲಿ. ಸ್ನಾಯುಗಳಿಂದ ಅದು ದಿನವೂ ರಕ್ತಕ್ಕೆ ಸೇರುತ್ತದೆ. ಕಿಡ್ನಿ ಅದನ್ನು ಸೋಸಿ ಮೂತ್ರಕ್ಕೆ ಕಳಿಸುತ್ತದೆ. ಹಾಗಾಗಿ ರಕ್ತದಲ್ಲಿ ಅದು ಕಡಿಮೆಯಾಗಲು ಎರಡು ದಾರಿ ಇವೆ. ಕಿಡ್ನಿ ಚೆನ್ನಾಗಿ ಸೋಸಬೇಕು. ಇಲ್ಲವೇ ಮಾಂಸಖಂಡವೇ ಕರಗಿ, ಹುಟ್ಟುವ ಕ್ರಿಯಾಟಿನಿನ್ ಕಡಿಮೆಯಾಗಬೇಕು. ನೀವು ಐದು ತಿಂಗಳು ಕೂತಿದ್ದೀರಿ, ತೂಕ 3 ಕಿಲೋ ಇಳಿದಿದೆ, ನೆಲದಿಂದ ಏಳಲು ಕೈ ಊರಬೇಕಾಗಿದೆ. ಪಾದದಲ್ಲಿ ನೀರು ನಿಂತಿದ್ದೂ ತೂಕ ಇಳಿದಿದೆ ಅಂದರೆ ನಿಜವಾಗಿ ಕರಗಿದ್ದು 3 ಕಿಲೋಗಿಂತ ಜಾಸ್ತಿಯೇ ಇರಬಹುದು. ಇಷ್ಟೆಲ್ಲ ಇರುವಾಗ 2.0 ನೋಡಿ ಕಿಡ್ನಿ ಸುಧಾರಿಸಿತು ಅಂತ ನಾನು ಹೇಳಲಾರೆ. ನಿಮ್ಮ ತೊಡೆ ಸಣ್ಣಗಾಗಿರುವ ಸಾಧ್ಯತೆಯೇ ಹೆಚ್ಚು.

ಇನ್ನೊಂದು ವಿಷಯ. 2.1 ಮತ್ತು 2.0ರ ನಡುವೆ ಅಂಥ ದೊಡ್ಡ ಅಂತರವೂ ಇಲ್ಲ. ಒಂದೇ ವ್ಯಕ್ತಿಯ ರಕ್ತವನ್ನು ಎರಡು ದಿನ ನೋಡಿದರೆ, ಅಥವಾ ಎರಡು ಲ್ಯಾಬಿಗೆ ಕೊಟ್ಟರೆ, ಅಷ್ಟು ಏರುಪೇರು ಬರುತ್ತದೆ. ನಿಮ್ಮ ವಯಸ್ಸು ಸೇರಿಸಿ ಲೆಕ್ಕ ಹಾಕಿದರೆ 2.1ಕ್ಕೆ ಇಜಿಎಫ್‌ಆರ್, ಅಂದರೆ ಕಿಡ್ನಿ ಸೋಸುವ ವೇಗದ ಅಂದಾಜು, ಸುಮಾರು 33, 2.0ಕ್ಕೆ ಸುಮಾರು 35. ಎರಡೂ ಒಂದೇ ಹಂತ. 30ರಿಂದ 44ರ ನಡುವಿನ ಇದನ್ನು ನಾವು ಕಿಡ್ನಿ ಕಾಯಿಲೆಯ 3ಬಿ ಹಂತ ಅನ್ನುತ್ತೇವೆ. ಈ ಗೊಂದಲ ಬಗೆಹರಿಯಬೇಕಾದರೆ ನಿಮ್ಮ ವೈದ್ಯರ ಹತ್ತಿರ ಸಿಸ್ಟಾಟಿನ್ ಸಿ ಪರೀಕ್ಷೆಯ ಬಗ್ಗೆ ಕೇಳಿ. ಅದೂ ರಕ್ತ ಪರೀಕ್ಷೆಯೇ. ಮಾಂಸಖಂಡ ಎಷ್ಟಿದೆ ಅನ್ನುವುದರ ಮೇಲೆ ಕ್ರಿಯಾಟಿನಿನ್‌ನಷ್ಟು ಅವಲಂಬಿಸಿಲ್ಲ. ಎಲ್ಲ ಲ್ಯಾಬುಗಳಲ್ಲಿ ಮಾಡುವುದಿಲ್ಲ, ಖರ್ಚೂ ಸ್ವಲ್ಪ ಜಾಸ್ತಿ. ಆದರೆ ನಿಮ್ಮಂಥವರಿಗೆ ಒಮ್ಮೆ ಮಾಡಿಸುವುದು ಒಳ್ಳೆಯದು.

ಈಗ "ದಣಿದಷ್ಟೂ ಸವೆಯುತ್ತೆ" ಅನ್ನುವ ಮಾತು. ನಿಮ್ಮ ಸಂಬಂಧಿಕರು ಸುಮ್ನೆ ಹೇಳಿದ್ದಲ್ಲ. ಹಿಂದೊಂದು ಕಾಲದಲ್ಲಿ ಡಾಕ್ಟರುಗಳೇ ಕಿಡ್ನಿ ಬಾವು ಬಂದವರನ್ನು ವಾರಗಟ್ಟಲೆ ಮಲಗಿಸುತ್ತಿದ್ದರು. ಜೋರಾಗಿ ವ್ಯಾಯಾಮ ಮಾಡಿದ ಮೇಲೆ ಮೂತ್ರದಲ್ಲಿ ಪ್ರೋಟೀನ್ ಸ್ವಲ್ಪ ಹೊತ್ತು ಜಾಸ್ತಿ ಕಾಣಿಸಿಕೊಳ್ಳುವುದೂ ನಿಜ. ಅದು ತಾನಾಗಿ ಇಳಿಯುತ್ತದೆ. ಸುಡುಬಿಸಿಲಿನಲ್ಲಿ ನೀರಿಲ್ಲದೆ ದಿನವಿಡೀ ದುಡಿಯುವವರಿಗೆ ಕಿಡ್ನಿ ಕೆಡುವುದೂ ನಿಜ. ಮಧ್ಯ ಅಮೆರಿಕದ ಕಬ್ಬಿನ ಗದ್ದೆಯ ಕೂಲಿಗಳಲ್ಲಿ ಇದು ದೊಡ್ಡ ಸಮಸ್ಯೆ. ರೂಢಿ ಇಲ್ಲದ ದೇಹಕ್ಕೆ ಒಂದೇ ದಿನ ವಿಪರೀತ ಶ್ರಮ ಕೊಟ್ಟರೆ ಸ್ನಾಯು ಒಡೆದು, ಅದರ ಕಸ ಕಿಡ್ನಿಯನ್ನು ಕಟ್ಟಿಹಾಕುವುದೂ ಉಂಟು, ಅಪರೂಪವಾದರೂ. ಆದರೆ ಬೆಳಗಿನ ತಂಪಿನಲ್ಲಿ ಮಾತಾಡುತ್ತಾ ಅಡ್ಡಾಡುವುದು ಇವುಗಳಲ್ಲಿ ಯಾವುದೂ ಅಲ್ಲ.

ನೀವು ವರ್ಕ್‌ಶಾಪಿನವರು. ಎಂಜಿನ್ ಓಡಿದಷ್ಟೂ ಸವೆಯುತ್ತದೆ ಅನ್ನುವ ಲೆಕ್ಕ ನಿಮ್ಮ ಕೈಗೆ ಹತ್ತಿದ ಲೆಕ್ಕ. ದೇಹಕ್ಕೆ ಆ ಲೆಕ್ಕ ಹೊಂದುವುದಿಲ್ಲ. ನೀವು ಮಲಗಿದ್ದರೂ ಕಿಡ್ನಿ ಹಗಲೂ ರಾತ್ರಿ ಸೋಸುತ್ತಲೇ ಇರುತ್ತದೆ. ಅದನ್ನು ಕೆಡಿಸುವುದು ಹತೋಟಿಗೆ ಬಾರದ ಶುಗರ್, ಏರಿದ ಬಿಪಿ, ಮೂತ್ರದಲ್ಲಿ ಸೋರುವ ಪ್ರೋಟೀನ್, ತಂಬಾಕು, ನೋವಿನ ಮಾತ್ರೆ. ಇವುಗಳಲ್ಲಿ ಮೊದಲಿನ ಎರಡಕ್ಕೆ ನಡಿಗೆ ನಿಮ್ಮ ಪರವಾಗಿ ಕೆಲಸ ಮಾಡುತ್ತದೆ.

ಹಾಗಾದರೆ ವ್ಯಾಯಾಮದಿಂದ ಕಿಡ್ನಿ ಸರಿಹೋಗುತ್ತಾ? ಇಲ್ಲ. ಹಾಗಂತ ಯಾರಾದರೂ ಹೇಳಿದರೆ ನಂಬಬೇಡಿ. ಅಮೆರಿಕದಲ್ಲಿ 70ರಿಂದ 89 ವಯಸ್ಸಿನ, ಓಡಾಟ ಕಡಿಮೆ ಇದ್ದ ಹಿರಿಯರ ಮೇಲೆ ಒಂದು ದೊಡ್ಡ ಅಧ್ಯಯನ ನಡೆದಿತ್ತು. ಒಂದು ಗುಂಪಿಗೆ ನಡಿಗೆ, ಕಾಲಿನ ಬಲ, ಸಮತೋಲನದ ವ್ಯಾಯಾಮ. ಇನ್ನೊಂದು ಗುಂಪಿಗೆ ಆರೋಗ್ಯದ ಪಾಠ ಮಾತ್ರ. ಎರಡು ವರ್ಷದಲ್ಲಿ ಇವರ ಕಿಡ್ನಿ ಏನಾಯ್ತು ಅನ್ನುವ ಲೆಕ್ಕ 2022ರಲ್ಲಿ ಬಂತು. ಸಿಸ್ಟಾಟಿನ್ ಸಿ ಹಿಡಿದು ಅಳೆದಾಗ ವ್ಯಾಯಾಮ ಮಾಡಿದವರಲ್ಲಿ ಕುಸಿತ ಸ್ವಲ್ಪ ನಿಧಾನವಾಗಿತ್ತು. ಸ್ವಲ್ಪ ಮಾತ್ರ. ನಾನು ನಿಮಗೆ ಕೊಡಬಹುದಾದ ಭರವಸೆಯೂ ಅಷ್ಟೇ. ಆದರೆ ಕಾಲಿನ ಬಲದ ವಿಷಯದಲ್ಲಿ ಇದಕ್ಕಿಂತ ಧೈರ್ಯವಾಗಿ ಮಾತಾಡಬಲ್ಲೆ. ಈ ವಯಸ್ಸಿನಲ್ಲಿ, ಈ ಹಂತದಲ್ಲಿ, ಬಹಳ ಜನರಿಗೆ ಡಯಾಲಿಸಿಸ್‌ಗಿಂತ ಮೊದಲು ಎದುರಾಗುವುದು ಹೃದಯದ ತೊಂದರೆ. ಇಲ್ಲವೇ ಬಚ್ಚಲಲ್ಲಿ ಬಿದ್ದು ಸೊಂಟದ ಮೂಳೆ ಮುರಿಯುವುದು. ಕಿಡ್ನಿ ಕಾಯಿಲೆಯಲ್ಲಿ ಮೂಳೆಯೂ ಮೆತ್ತಗಾಗಿರುತ್ತದೆ. ನನ್ನ ಹತ್ತಿರ ಬರುವ ಹಿರಿಯರಲ್ಲಿ ಮನೆಮಂದಿಯ ಹೆಗಲು ಹಿಡಿದು ಬರುವವರು ಎಷ್ಟೋ ಜನ. ಅವರಲ್ಲಿ ಹಲವರ ಕಾಲು ಕಿಡ್ನಿಯಿಂದ ಕೈಕೊಟ್ಟಿದ್ದಲ್ಲ, ಪ್ರೀತಿಯಿಂದ ಕೂರಿಸಿದ್ದಕ್ಕೆ ಕೈಕೊಟ್ಟಿದ್ದು. ನಿಮ್ಮ ಮನೆಯವರಿಗೆ ಇದನ್ನು ದಯವಿಟ್ಟು ಓದಿ ಹೇಳಿ. ಅವರ ಹೆದರಿಕೆ ತಪ್ಪಲ್ಲ, ದಿಕ್ಕು ಮಾತ್ರ ಬದಲಾಗಬೇಕು.

ಕಿಡ್ನಿ ಕಾಯಿಲೆಯಲ್ಲಿ ಮಾಂಸಖಂಡ ಬೇರೆಯವರಿಗಿಂತ ಬೇಗ ಕರಗುತ್ತದೆ. ರಕ್ತದಲ್ಲಿ ಆಮ್ಲ ಹೆಚ್ಚುತ್ತದೆ, ಒಳಗೊಳಗೇ ಸಣ್ಣ ಉರಿಯೂತ ಇರುತ್ತದೆ, ಹಸಿವು ಕಡಿಮೆ. ಅದರ ಮೇಲೆ "ಬೇಳೆ ತಿನ್ನಬೇಡಿ" ಅನ್ನುವ ಪಥ್ಯ ಬೇರೆ. ಇಷ್ಟರ ಜೊತೆ ಕೂತುಬಿಟ್ಟರೆ ತೊಡೆಗೆ ಉಳಿಯಲು ಕಾರಣವೇ ಇರುವುದಿಲ್ಲ.

ಏದುಸಿರಿನ ವಿಷಯಕ್ಕೆ ಬರೋಣ. ಇದನ್ನು ನೋಡದೆ ವ್ಯಾಯಾಮ ಶುರು ಮಾಡಬೇಡಿ ಅಂದದ್ದು ಇದಕ್ಕೇ. ಐದು ತಿಂಗಳ ಜಡ್ಡು ಒಂದು ಕಾರಣ ಇರಬಹುದು. ಹಿಮೋಗ್ಲೋಬಿನ್ 10.2 ಇನ್ನೊಂದು. ರಕ್ತ ತಯಾರಾಗಲು ಬೇಕಾದ ಎರಿತ್ರೋಪೊಯೆಟಿನ್ ಅನ್ನುವ ಹಾರ್ಮೋನು ಕಿಡ್ನಿಯಿಂದಲೇ ಬರಬೇಕು, ಅದು ಕಡಿಮೆಯಾಗಿರುತ್ತದೆ. ಜೊತೆಗೆ ಕಬ್ಬಿಣದ ಅಂಶವೋ ಬಿ12 ವಿಟಮಿನ್ನೋ ಕಡಿಮೆ ಇದ್ದರೆ ಅದನ್ನು ಸರಿಪಡಿಸುವುದು ಸುಲಭ. ಮೂರನೆಯದು ಹೃದಯ. ಶುಗರ್ ಇರುವವರಿಗೆ ಎದೆನೋವು ಬಾರದೆ ಬರೀ ಏದುಸಿರಾಗಿ ಹೃದಯದ ತೊಂದರೆ ತೋರುವುದುಂಟು. ಆದ್ದರಿಂದ ಇಸಿಜಿ, ಎಕೋ (ಹೃದಯದ ಸ್ಕ್ಯಾನ್), ಪೊಟ್ಯಾಸಿಯಂ, ಕಬ್ಬಿಣದ ಪರೀಕ್ಷೆ ಮೊದಲು ಆಗಲಿ. ಕಣ್ಣಿನ ಡಾಕ್ಟರ ಹತ್ತಿರ ರೆಟಿನಾ (ಕಣ್ಣಿನ ಒಳಪರದೆ) ಕೂಡ ನೋಡಿಸಿ. ಕಾರಣ ಕೆಳಗೆ ಹೇಳುತ್ತೇನೆ. ತೂಕ ಇಳಿದದ್ದನ್ನೂ ನಿಮ್ಮ ವೈದ್ಯರಿಗೆ ಬಾಯಿಬಿಟ್ಟು ಹೇಳಿ. ಅದಕ್ಕೆ ಬೇರೆ ಕಾರಣ ಇಲ್ಲ ಅಂತ ಅವರು ಖಾತ್ರಿ ಮಾಡಿಕೊಳ್ಳಲಿ. ಮಲಗಿದರೆ ಉಸಿರು ಕಟ್ಟುವುದು, ಎರಡು ಮೂರು ದಿನದಲ್ಲಿ ತೂಕ 2 ಕಿಲೋ ಏರುವುದು, ಎದೆ ಹಿಡಿದಂತಾಗುವುದು ಇದ್ದರೆ ಎರಡು ವಾರ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.

ಪಾದದ ಬಾವಿಗೆ ಕಿಡ್ನಿ ಒಂದೇ ಕಾರಣ ಅಲ್ಲ. ಆಮ್ಲೋಡಿಪಿನ್ ಮಾತ್ರೆಯೇ ಹಲವರಿಗೆ ಕಾಲು ಬಾತಿಸುತ್ತದೆ. ದಿನವಿಡೀ ಕುರ್ಚಿಯಲ್ಲಿ ಕಾಲು ಇಳಿಬಿಟ್ಟು ಕೂತರೂ ಬರುತ್ತದೆ. ಮೀನಖಂಡ ಅಲುಗಾಡಿದರೆ ತಾನೇ ನೀರು ಮೇಲೇರುವುದು? ಉಪ್ಪಿನಕಾಯಿ, ಹಪ್ಪಳ, ಸಂಜೆಯ ಮಿರ್ಚಿ ಭಜಿ ಇವುಗಳ ಉಪ್ಪೂ ಸೇರುತ್ತದೆ. ನೀವೇ ಮಾತ್ರೆ ನಿಲ್ಲಿಸಬೇಡಿ, ನೀರಿಳಿಸುವ ಮಾತ್ರೆಯನ್ನು ನೀವೇ ಶುರುವೂ ಮಾಡಬೇಡಿ. ವೈದ್ಯರಿಗೆ ತೋರಿಸಿ.

ಈ ಪರೀಕ್ಷೆಗಳು ಮುಗಿದು ವೈದ್ಯರು ಒಪ್ಪಿದರೆ ಏನು ಮಾಡಬೇಕು? ಬರೀ ನಡಿಗೆ ಸಾಕೇ? ನಿಮಗೆ ಸಾಲದು. ನಡಿಗೆಯಿಂದ ಉಸಿರು ಸುಧಾರಿಸುತ್ತದೆ, ಶುಗರ್ ಇಳಿಯುತ್ತದೆ. ಆದರೆ ನೆಲದಿಂದ ಎಬ್ಬಿಸುವ ತೊಡೆಗೆ ಬೇರೆ ಕೆಲಸ ಕೊಡಬೇಕು. ನಾನು ಹಿರಿಯರಿಗೆ ಮೊದಲು ಹೇಳುವುದು ಕುರ್ಚಿಯಿಂದ ಏಳುವ ವ್ಯಾಯಾಮ.

ಗಟ್ಟಿ ಕಟ್ಟಿಗೆಯ ಕುರ್ಚಿ ತಗೊಳ್ಳಿ. ಪ್ಲಾಸ್ಟಿಕ್ ಕುರ್ಚಿ ಜಾರುತ್ತದೆ, ಬೇಡ. ಹಿಂಭಾಗ ಗೋಡೆಗೆ ತಾಗಿಸಿಡಿ. ಎದುರಿಗೆ ಟೇಬಲ್ಲೋ ಅಡುಗೆ ಕಟ್ಟೆಯೋ ಇರಲಿ, ಜೋಲಿ ತಪ್ಪಿದರೆ ಹಿಡಿಯಲು. ಕುರ್ಚಿಯ ಅಂಚಿಗೆ ಸರಿದು ಕೂರಿ. ಪಾದಗಳನ್ನು ಮೊಣಕಾಲಿಗಿಂತ ಸ್ವಲ್ಪ ಹಿಂದೆ ತನ್ನಿ. ಮುಂದಕ್ಕೆ ಬಾಗಿ, ಉಸಿರು ಬಿಡುತ್ತಾ ಏಳಿ. ಏಳುವಾಗ ಉಸಿರು ಹಿಡಿದು ಮುಕ್ಕಬೇಡಿ, ಬಿಪಿ ಥಟ್ಟನೆ ಏರುತ್ತದೆ. ನಿಂತ ಮೇಲೆ ಕುರ್ಚಿಗೆ ದೊಪ್ಪನೆ ಬೀಳಬೇಡಿ. ಒಂದು, ಎರಡು, ಮೂರು, ನಾಲ್ಕು ಅಂತ ಎಣಿಸುತ್ತಾ ಇಳಿಯಿರಿ. ಆ ನಿಧಾನದ ಇಳಿಯುವಿಕೆಯಿಂದಲೂ ಬಲ ಬರುತ್ತದೆ. ಮೊದಲ ವಾರ ಕೈ ಊರಿಯೇ ಏಳಿ, ತಪ್ಪಿಲ್ಲ. ಕುರ್ಚಿ ತಗ್ಗು ಅನಿಸಿದರೆ ಗಟ್ಟಿ ದಿಂಬು ಹಾಕಿ ಎತ್ತರಿಸಿ. ಐದು ಸಲ ಎದ್ದು ಕೂತು, ಎರಡು ನಿಮಿಷ ಸುಧಾರಿಸಿಕೊಂಡು, ಮತ್ತೆ ಐದು ಸಲ. ದಿನ ಬಿಟ್ಟು ದಿನ ಸಾಕು. ಅದರ ಜೊತೆಗೆ ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು ಹತ್ತು ಸಲ. ಹಾಗೆಯೇ ಹಿಡಿದುಕೊಂಡು ಒಂದೊಂದು ಕಾಲಲ್ಲಿ ಸ್ವಲ್ಪ ಹೊತ್ತು ನಿಲ್ಲುವುದು. ಡಂಬೆಲ್ ಸದ್ಯಕ್ಕೆ ಬೇಕಿಲ್ಲ.

ನಡಿಗೆ ದಿನಕ್ಕೆ ಎರಡು ಸಲ, ಹತ್ತತ್ತು ನಿಮಿಷದಿಂದ ಶುರುವಾಗಲಿ. ವಾರಕ್ಕೊಮ್ಮೆ ಎರಡು ಮೂರು ನಿಮಿಷ ಏರಿಸಿ. ಕಿಡ್ನಿ ಕಾಯಿಲೆ ಇರುವವರಿಗೂ ವಾರಕ್ಕೆ 150 ನಿಮಿಷ ಮಧ್ಯಮ ವೇಗದ ಚಟುವಟಿಕೆ ಇರಲಿ ಅನ್ನುವುದು ಅಂತರರಾಷ್ಟ್ರೀಯ ಕಿಡ್ನಿ ಮಾರ್ಗಸೂಚಿಯ 2024ರ ಸಲಹೆ, ಅದೂ ಅವರವರ ಶಕ್ತಿಗೆ ತಕ್ಕಂತೆ. ನೀವು ಅಲ್ಲಿಗೆ ಮುಟ್ಟಲು ಮೂರು ತಿಂಗಳು ಬೇಕಾದರೂ ಬೇಸರ ಬೇಡ. ವೇಗ ಎಷ್ಟು? ಜೊತೆಗಾರರ ಹತ್ತಿರ ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು. ಮೊಮ್ಮಗನ ವಾಚಿನಲ್ಲಿ ನಾಡಿಬಡಿತ ನೋಡಿ ವೇಗ ಹಿಡಿಯಬೇಡಿ. ಮೆಟೊಪ್ರೊಲಾಲ್ ನಾಡಿಯನ್ನು ತಗ್ಗಿಸಿ ಇಡುತ್ತದೆ. ವಾಚು ಹೇಳಿದ ಗುರಿ ಮುಟ್ಟಲು ಹೋದರೆ ನೀವು ಮಿತಿ ಮೀರುತ್ತೀರಿ. ಮರುದಿನವೂ ಮೈ ಭಾರ ಅನಿಸಿದರೆ ಹಿಂದಿನ ದಿನದ ನಡಿಗೆ ಜಾಸ್ತಿ ಆಯ್ತು ಅಂತ ತಿಳಿದು ಒಂದು ಹೆಜ್ಜೆ ಹಿಂದೆ ಬನ್ನಿ.

ನಿಮ್ಮ ಮಾತ್ರೆಗಳಲ್ಲಿ ನಡಿಗೆಯ ಮಟ್ಟಿಗೆ ಹುಷಾರಾಗಿರಬೇಕಾದದ್ದು ಗ್ಲಿಮೆಪಿರೈಡ್. ಕಿಡ್ನಿ ಕೆಲಸ ಕಡಿಮೆಯಾದಾಗ ಅದರ ಪರಿಣಾಮ ಮೈಯಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಖಾಲಿ ಹೊಟ್ಟೆಯಲ್ಲಿ ನಡೆದರೆ ಶುಗರ್ ಕುಸಿಯಬಹುದು. ಸಾಮಾನ್ಯವಾಗಿ ಶುಗರ್ ಕುಸಿದಾಗ ಕೈ ನಡುಗಿ, ಎದೆ ಡವಡವ ಅಂದು ಎಚ್ಚರಿಕೆ ಸಿಗುತ್ತದೆ. ಮೆಟೊಪ್ರೊಲಾಲ್ ಆ ಎರಡೂ ಸುಳಿವನ್ನು ಮರೆಮಾಡುತ್ತದೆ. ಬೆವರು ಮಾತ್ರ ಉಳಿಯುತ್ತದೆ. ತಂಪಿನಲ್ಲಿ ನಡೆಯುವಾಗ ಕಾರಣವಿಲ್ಲದೆ ತಣ್ಣನೆ ಬೆವರು ಬಂದರೆ ಅಲ್ಲೇ ಕೂತು ಮೂರು ಚಮಚ ಸಕ್ಕರೆ ಬಾಯಿಗೆ ಹಾಕಿಕೊಳ್ಳಿ. ಜೇಬಿನಲ್ಲಿ ಸಕ್ಕರೆ ಪೊಟ್ಟಣ ಸದಾ ಇರಲಿ. ಮನೆಯಿಂದ ಹೊರಡುವಾಗ ಶುಗರ್ 100ಕ್ಕಿಂತ ಕಡಿಮೆ ಇದ್ದರೆ ಏನಾದರೂ ತಿಂದು ಹೊರಡಿ. ಈ ಮಾತ್ರೆಯ ಪ್ರಮಾಣ ಕಡಿಮೆ ಮಾಡಬೇಕೋ, ಬದಲಿಸಬೇಕೋ ಅಂತಲೂ ವೈದ್ಯರನ್ನು ಕೇಳಿ.

ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಐದು ತಿಂಗಳ ನಂತರ ಶುರು ಮಾಡಿದಾಗ ಮೊಣಕಾಲು, ತೊಡೆ ನೋಯುತ್ತವೆ. ಆಗ ಔಷಧಿ ಅಂಗಡಿಗೆ ಹೋಗಿ "ನೋವಿನ ಗುಳಿಗೆ ಕೊಡಿ" ಅನ್ನಬೇಡಿ. ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಐಬುಪ್ರೊಫೇನ್ ಇವೆಲ್ಲ ಕಿಡ್ನಿಗೆ ಹೋಗುವ ರಕ್ತವನ್ನು ಕಡಿಮೆ ಮಾಡುತ್ತವೆ. ಟೆಲ್ಮಿಸಾರ್ಟಾನ್ ತಗೊಳ್ಳುವವರಿಗೆ ಇನ್ನೂ ಅಪಾಯ. ಅದರ ಜೊತೆ ನೀರಿಳಿಸುವ ಮಾತ್ರೆಯೂ ಸೇರಿದರೆ ಕೆಲವೇ ದಿನದಲ್ಲಿ ಕ್ರಿಯಾಟಿನಿನ್ ಜಿಗಿಯಬಹುದು. ವಾಕಿಂಗ್‌ನಿಂದ ಕಿಡ್ನಿ ಕೆಟ್ಟಿತು ಅಂತ ಬಂದವರನ್ನು ವಿಚಾರಿಸಿದರೆ, ವಾಕಿಂಗ್ ನೋವಿಗೆ ನುಂಗಿದ ಇಂಥ ಗುಳಿಗೆ ಹೊರಬಿದ್ದದ್ದು ಇದೆ. ಬಿಸಿ ಶಾಖ ಕೊಡಿ, ಎರಡು ದಿನ ಕಡಿಮೆ ನಡೆಯಿರಿ, ಬೇಕೇಬೇಕಾದರೆ ವೈದ್ಯರನ್ನು ಕೇಳಿ ಪ್ಯಾರಾಸಿಟಮಾಲ್ ತಗೊಳ್ಳಿ.

ವಾಕಿಂಗ್ ಮುಗಿಸಿ ಬರುವಾಗಿನ ಎಳನೀರು ಕೂಡ ನಿಮಗೆ ನಿರಪಾಯ ಅಲ್ಲ. ಒಂದು ಲೋಟದಲ್ಲಿ ಸುಮಾರು 500ರಿಂದ 600 ಮಿಲಿಗ್ರಾಂ ಪೊಟ್ಯಾಸಿಯಂ ಇರುತ್ತದೆ, ಟೆಲ್ಮಿಸಾರ್ಟಾನ್ ಕೂಡ ಪೊಟ್ಯಾಸಿಯಂ ಏರಿಸುತ್ತದೆ. ನಿಮ್ಮ ಪೊಟ್ಯಾಸಿಯಂ ಎಷ್ಟಿದೆ ಗೊತ್ತಾಗುವವರೆಗೆ ಬೇಡ. ವಾಕಿಂಗ್ ಗೆಳೆಯರು ಹಂಚುವ ಸೊಪ್ಪು, ನೆಲ್ಲಿಕಾಯಿ ರಸಗಳಿಗೂ ಇದೇ ಮಾತು. ಬಾಯಾರಿದರೆ ನೀರು ಕುಡಿಯಿರಿ. ನೀರು ಕಡಿಮೆ ಮಾಡಿ ಅಂತ ವೈದ್ಯರು ಹೇಳಿದ್ದರೆ ಅವರು ಹೇಳಿದ ಅಳತೆಯೊಳಗೇ ಕುಡಿಯಿರಿ. ಬೆವರಿನಲ್ಲಿ ಕಿಡ್ನಿಯ ವಿಷ ಹೋಗುತ್ತದೆ ಅಂತ ಸ್ವೆಟರ್ ಹಾಕಿಕೊಂಡು ನಡೆಯುವವರನ್ನೂ ನೋಡಿದ್ದೇನೆ. ಬೆವರು ಕಿಡ್ನಿಯ ಕೆಲಸ ಮಾಡುವುದಿಲ್ಲ. ನೀರು ಮಾತ್ರ ಸುಮ್ನೆ ಕಡಿಮೆಯಾಗುತ್ತದೆ.

ಪ್ರೋಟೀನ್ ಪೌಡರ್ ಬೇಡ. ಜಿಮ್‌ನವರು ಸ್ನಾಯು ಬೆಳೆಸಲು ಕುಡಿಯುವ ಕ್ರಿಯಾಟಿನ್ ಪುಡಿಯನ್ನು ಮೊಮ್ಮಗ ಕೊಟ್ಟರೆ ಅದಂತೂ ಬೇಡವೇ ಬೇಡ. ಹಾಗಂತ ಬೇಳೆ, ಮೊಸರನ್ನೇ ಬಿಟ್ಟು ಬರೀ ಗಂಜಿ ಕುಡಿಯುವುದೂ ತಪ್ಪು. ಈ ಹಂತದಲ್ಲಿ ಸಾಮಾನ್ಯವಾಗಿ ತೂಕದ ಪ್ರತಿ ಕಿಲೋಗೆ ದಿನಕ್ಕೆ 0.8 ಗ್ರಾಂ ಪ್ರೋಟೀನ್ ಹೇಳುತ್ತೇವೆ. 60 ಕಿಲೋ ಇದ್ದರೆ 48 ಗ್ರಾಂ. ರೊಟ್ಟಿ, ಬೇಳೆ, ಮೊಸರು ಹಿಡಿಸುವಷ್ಟು ಜಾಗ ಅದರಲ್ಲಿದೆ. ನಿಮ್ಮ ಹಾಗೆ ಸ್ನಾಯು ಕರಗುತ್ತಿರುವವರಿಗೆ ಇನ್ನೂ ಸ್ವಲ್ಪ ಬೇಕಾಗಬಹುದು. ಆ ಲೆಕ್ಕವನ್ನು ಡಯಟೀಶಿಯನ್ ಜೊತೆ ಕೂತು ಮಾಡಿ.

ಸೂರ್ಯನಮಸ್ಕಾರ ರೆಟಿನಾ ಪರೀಕ್ಷೆ ಆಗುವವರೆಗೆ ಬೇಡ. ಶುಗರ್‌ನಿಂದ ಕಣ್ಣಿನಲ್ಲಿ ಹೊಸ ರಕ್ತನಾಳ ಬೆಳೆದಿದ್ದರೆ ತಲೆ ಕೆಳಗಾಗುವ ಭಂಗಿ, ಮುಕ್ಕುವ ವ್ಯಾಯಾಮ, ರಭಸದಿಂದ ಉಸಿರಾಡುವ ಭಸ್ತ್ರಿಕಾ ಪ್ರಾಣಾಯಾಮ ಇವುಗಳಿಂದ ಒಳಗೆ ರಕ್ತ ಸೋರಬಹುದು. ನಿಧಾನದ ಪ್ರಾಣಾಯಾಮ ಮಾಡಿ, ತೊಂದರೆ ಇಲ್ಲ. ಆದರೆ ಅದನ್ನು ವ್ಯಾಯಾಮದ ಲೆಕ್ಕಕ್ಕೆ ಹಿಡಿಯಬೇಡಿ.

ಎಲ್ಲಿ ನಡೆಯಬೇಕು ಅನ್ನುವುದೂ ಮುಖ್ಯ. ಕೆರೆ ದಂಡೆ ಒಳ್ಳೆಯದೇ, ದಾರಿಯಲ್ಲಿ ಎಲ್ಲಿ ಕೂರಬಹುದು ಅಂತ ಮೊದಲೇ ನೋಡಿಟ್ಟುಕೊಳ್ಳಿ. ನೃಪತುಂಗ ಬೆಟ್ಟದ ಏರು ಸದ್ಯ ಬೇಡ. ಏಪ್ರಿಲ್, ಮೇ ಬಿಸಿಲಿನಲ್ಲಿ ಎಂಟು ಗಂಟೆಯೊಳಗೆ ಮನೆ ಸೇರಿ. ಮಳೆಗಾಲದಲ್ಲಿ ಪಾಚಿ ಹಿಡಿದ ಕಲ್ಲಿನ ಮೇಲೆ ಧೈರ್ಯ ತೋರಿಸುವುದು ಬೇಡ, ಮನೆಯ ಪಡಸಾಲೆಯಲ್ಲೇ ಅಡ್ಡಾಡಿ. ದೇವಸ್ಥಾನದ ಸುತ್ತ ಬರಿಗಾಲಲ್ಲಿ ಪ್ರದಕ್ಷಿಣೆ ಹಾಕಿದ್ದನ್ನೇ ವಾಕಿಂಗ್ ಅನ್ನುವವರಿದ್ದಾರೆ. ಶುಗರ್‌ನಿಂದ ಪಾದದ ಸ್ಪರ್ಶ ಕಡಿಮೆಯಾಗಿದ್ದರೆ ಕಾದ ಕಲ್ಲು ಸುಟ್ಟದ್ದೂ ಗೊತ್ತಾಗುವುದಿಲ್ಲ. ಸಂಜೆ ಪಾದದ ಅಡಿಯನ್ನು ಮನೆಯವರಿಂದ ನೋಡಿಸಿ. ಬೆಳಿಗ್ಗೆ ಹಾಸಿಗೆಯಿಂದ ಎದ್ದಾಗ ಕಣ್ಣು ಕತ್ತಲೆ ಬರುತ್ತಿದ್ದರೆ ಅಂಚಿನಲ್ಲಿ ಒಂದು ನಿಮಿಷ ಕೂತು ಆಮೇಲೆ ಏಳಿ, ಆ ವಿಷಯ ವೈದ್ಯರಿಗೂ ತಿಳಿಸಿ.

ಮನೆಯಲ್ಲಿ ಒಬ್ಬರೇ ಮಾಡಲು ಅಳುಕಿದ್ದರೆ ಫಿಸಿಯೋಥೆರಪಿಸ್ಟ್ ಹತ್ತಿರ ನಾಲ್ಕಾರು ಸಲ ಹೋಗಿ ಕಲಿತುಕೊಳ್ಳಿ. ನಿಮ್ಮ ಕಾಲಿನ ಸ್ಥಿತಿ ನೋಡಿದರೆ ನನಗೆ ಅದೇ ಹೆಚ್ಚು ಇಷ್ಟ. ಖರ್ಚು ಮತ್ತು ಓಡಾಟ ಆಗುತ್ತದೆ, ಆದರೆ ಬೀಳುವ ಭಯ ಕಡಿಮೆ. ಜ್ವರ, ವಾಂತಿ, ಭೇದಿ ಇದ್ದ ದಿನ ವ್ಯಾಯಾಮ ಪೂರ್ತಿ ಬಿಡಿ. ಟೆಲ್ಮಿಸಾರ್ಟಾನ್ ಅವತ್ತು ತಗೊಳ್ಳಬೇಕೋ ಬೇಡವೋ ಅಂತ ಫೋನ್ ಮಾಡಿ ಕೇಳಿ. ಬಿಪಿ 180ರ ಮೇಲಿದ್ದರೂ ವಿಶ್ರಾಂತಿಯೇ ಸರಿ.

ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿರುವ ಓದುಗರಿಗೂ ನಡಿಗೆ ಬೇಕು. ಡಯಾಲಿಸಿಸ್ ಇಲ್ಲದ ದಿನ ಮಾಡುವುದು ಸುಲಭ. ಫಿಸ್ಟುಲಾ (ಡಯಾಲಿಸಿಸ್‌ಗಾಗಿ ರಕ್ತನಾಳ ಜೋಡಿಸಿದ ಜಾಗ) ಇರುವ ಕೈಯಲ್ಲಿ ಸಂತೆ ಚೀಲ ಹೊರಬಾರದು, ಆ ಕೈಗೆ ಬಿಪಿ ಪಟ್ಟಿ ಕಟ್ಟಿಸಬಾರದು. ಉಳಿದದ್ದನ್ನು ನಿಮ್ಮ ಘಟಕದವರ ಜೊತೆ ಮಾತಾಡಿ ನಿರ್ಧರಿಸಿ.

ಇನ್ನು ಮನೆಯಲ್ಲಿ ಮತ್ತೆ ಜಗಳ ಆಗದಿರಲು ಒಂದು ಸೂಚನೆ. ಮೂರು ತಿಂಗಳ ನಂತರ ಕ್ರಿಯಾಟಿನಿನ್ ನೋಡಿಸುವಾಗ ಮೊದಲಿನ ಲ್ಯಾಬಿಗೇ ಹೋಗಿ. ಹಿಂದಿನ ಎರಡು ದಿನ ಜೋರು ವ್ಯಾಯಾಮ ಬೇಡ, ಹಿಂದಿನ ರಾತ್ರಿ ಮಾಂಸದೂಟವೂ ಬೇಡ. ತೊಡೆ ತುಂಬಿಕೊಂಡರೆ ಸಂಖ್ಯೆ 2.0ರಿಂದ 2.1 ಅಥವಾ 2.2ಕ್ಕೆ ಬರಬಹುದು. ಅಷ್ಟಕ್ಕೇ ವಾಕಿಂಗ್ ನಿಲ್ಲಿಸಬೇಡಿ. ರಿಪೋರ್ಟಿನ ಮೇಲೆಯೇ ಅವತ್ತಿನ ತೂಕ, ಕುರ್ಚಿಯಿಂದ ಅರ್ಧ ನಿಮಿಷದಲ್ಲಿ ಎಷ್ಟು ಸಲ ಎದ್ದಿರಿ ಅನ್ನುವುದು, ಮೂತ್ರದ ಪ್ರೋಟೀನ್ ಎಷ್ಟು ಅನ್ನುವುದು, ಈ ಮೂರನ್ನೂ ಬರೆದು ವೈದ್ಯರ ಮುಂದಿಡಿ. 2.4, 2.5ಕ್ಕೆ ಹೋದರೆ ಮಾತ್ರ ಮುಂದಿನ ಭೇಟಿಗೆ ಕಾಯದೆ ಬೇಗ ತೋರಿಸಿ. ಹೋಗುವಾಗ ಆ ಅವಧಿಯಲ್ಲಿ ನುಂಗಿದ ಗುಳಿಗೆ, ಕಷಾಯ, ಪುಡಿ ಏನಿದ್ದರೂ ಚೀಲದಲ್ಲಿ ಹಾಕಿಕೊಂಡು ಹೋಗಿ.